ಹಳೇ ಟ್ರ್ಯಾಕ್ಟರಿನ ಡೈನಮೋ ಬಿಸಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕೃಷಿ ಪುಟವನ್ನು ಬಿಡದೆ ಓದುತ್ತೇನೆ. ಹೊಸ ಟ್ರ್ಯಾಕ್ಟರ್, ಸಾಲ, ಸಬ್ಸಿಡಿ ಬಗ್ಗೆ ಬೇಕಾದಷ್ಟು ಬರುತ್ತದೆ. ಮನೆಯಲ್ಲಿರುವ ಹಳೇ ಗಾಡಿಯನ್ನು ಉಳಿಸಿಕೊಳ್ಳುವುದು ಹೇಗೆ ಅನ್ನೋದು ಮಾತ್ರ ಕಾಣುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮದು ಅಪ್ಪನ ಕಾಲದ ಮ್ಯಾಸ್ಸಿ 1035. ಹೋದ ಹಿಂಗಾರಿನಲ್ಲಿ ಸರಿಯಾಗಿ ಜೋಳ ಬಿತ್ತುವ ಹೊತ್ತಿಗೆ ಬ್ಯಾಟರಿ ಇಳಿಯೋಕೆ ಶುರುವಾಯಿತು. ದಿನಾ ಬೆಳಿಗ್ಗೆ ನಾಲ್ಕು ಜನ ತಳ್ಳಬೇಕು. ಬ್ಯಾಟರಿ ಹೋಗಿದೆ ಅಂತ ಮೆಕ್ಯಾನಿಕ್ ಅಂದ, ಹೊಸದು ಹಾಕಿಸಿದೆ, ಎಂಟೇ ದಿನಕ್ಕೆ ಅದೂ ಇಳಿಯಿತು. ಆಮೇಲೆ ಅದೇ ಮೆಕ್ಯಾನಿಕ್ 'ಡೈನಮೋ ಕಾಲ ಮುಗೀತು, ಬಿಸಾಕಿ ಆಲ್ಟರ್ನೇಟರ್ ಹಾಕಿಸ್ರಿ' ಅಂದ. ಡೈನಮೋ ಅಂದರೆ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ, ಆಲ್ಟರ್ನೇಟರ್ ಅದೇ ಕೆಲಸ ಮಾಡುವ ಹೊಸ ತರಹದ್ದು. ಒಂದು ಸಲವೂ ಮೀಟರ್ ಹಿಡಿದು ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಪಕ್ಕದ ಊರಲ್ಲಿ ಡೈನಮೋ ಕಟ್ಟುವ ಹಿರಿಯರೊಬ್ಬರಿದ್ದಾರೆ. ಅವರ ಹತ್ತಿರ ಹೋದೆ. ಮೊದಲು ಫ್ಯಾನ್ ಬೆಲ್ಟ್ ಒತ್ತಿ ನೋಡಿದರು, ಬಿಗಿಯಾಗೇ ಇತ್ತು. ಎಂಜಿನ್ ಜೋರಾಗಿ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 14 ವೋಲ್ಟ್ ಆಸುಪಾಸು ತೋರಿಸಬೇಕು, ನಮ್ಮದು 12 ಬಿಟ್ಟು ಮೇಲೇಳಲಿಲ್ಲ. ಆಮೇಲೆ ಡೈನಮೋದ ಡಿ (ಕರೆಂಟ್ ಹೊರಗೆ ಬರುವುದು) ಮತ್ತು ಎಫ್ (ಫೀಲ್ಡಿನದು) ಎರಡೂ ವೈರ್ ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಮೀಟರಿನ ಒಂದು ಕಡ್ಡಿ ಅಲ್ಲಿ, ಇನ್ನೊಂದು ಡೈನಮೋ ಮೈಗೆ ಹಿಡಿದರು. ನಿಧಾನಕ್ಕೆ ರೇಸ್ ಕೊಡಬೇಕು, 20 ವೋಲ್ಟ್ ದಾಟಿಸಬಾರದು. ಡೈನಮೋ ಚೆನ್ನಾಗಿದ್ದರೆ ವೋಲ್ಟ್ ಸರಸರ ಏರುತ್ತದೆ, ಆಗ ತಪ್ಪು ವೈರಿನಲ್ಲೋ ಕಟೌಟಿನಲ್ಲೋ (ಬ್ಯಾಟರಿಗೆ ಹೋಗುವ ಚಾರ್ಜನ್ನು ಹಿಡಿತದಲ್ಲಿಡುವ ಪೆಟ್ಟಿಗೆ) ಇದೆ ಅಂತ ಅರ್ಥ. ಅರ್ಧ, ಒಂದು ವೋಲ್ಟಿಗೇ ನಿಂತರೆ ಫೀಲ್ಡ್ ಕಾಯಿಲ್, ಅಂದರೆ ಒಳಗೆ ಅಯಸ್ಕಾಂತ ಹುಟ್ಟಿಸುವ ಸುರುಳಿ ಮೇಲೆ ಅನುಮಾನ. ನಾಲ್ಕೈದಕ್ಕೆ ನಿಂತರೆ ಆರ್ಮೇಚರ್, ಅಂದರೆ ಒಳಗೆ ತಿರುಗುವ ಸುರುಳಿ ಮೇಲೆ. ಏನೂ ಬರದಿದ್ದರೆ ಮೊದಲು ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ತಾಗಿ ಕರೆಂಟ್ ತೆಗೆಯುವ ತುಂಡು) ನೋಡಿ ಅಂದರು.

ನಮ್ಮದು ಸೊನ್ನೆ.

ಎರಡು ಉದ್ದನೆ ಬೋಲ್ಟ್ ಬಿಚ್ಚಿ ಹಿಂದಿನ ಮುಚ್ಚಳ ತೆಗೆದರೆ ಒಳಗೆಲ್ಲ ಕಪ್ಪು ಅಂಟು. ಒಂದು ಬ್ರಷ್ ತನ್ನ ಗೂಡಿನಲ್ಲೇ ಕಚ್ಚಿಕೊಂಡು ಕುಳಿತಿತ್ತು, ಸ್ಪ್ರಿಂಗ್ ಒತ್ತಿದರೂ ಕೆಳಗಿಳಿಯುತ್ತಿರಲಿಲ್ಲ. ಹಿಂದೆ ಅಚ್ಚು ತಿರುಗುವ ಬುಷ್‌ಗೆ ಎಣ್ಣೆ ಬಿಡೋಕೆ ಒಂದು ತೂತು ಇರುತ್ತದೆ ಅಲ್ವಾ, ಅದಕ್ಕೆ ಆಗಾಗ ಎರಡು ಹನಿ ಸಾಕು, ನಮ್ಮ ಮನೆಯಲ್ಲಿ ವಾರ ವಾರ ಸುರಿಯುತ್ತಿದ್ದೆವು. ಆ ಎಣ್ಣೆಗೆ ಕಾರ್ಬನ್ ಪುಡಿ ಸೇರಿ ಅಂಟಾಗಿತ್ತು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಬ್ರಷ್ ತಾಗುವ ತಾಮ್ರದ ಉರುಳೆ, ಅಂದರೆ ಕಾಮ್ಯುಟೇಟರ್ ಮೇಲೆ ಉಜ್ಜುವ ನುಣುಪು ಗಾಜಿನ ಕಾಗದ ಆಡಿಸಿ, ತಾಮ್ರದ ಪಟ್ಟಿಗಳ ನಡುವಿನ ಸಂದನ್ನು ಹ್ಯಾಕ್ಸಾ ಬ್ಲೇಡಿನಿಂದ ಬಿಡಿಸಿ, ಹೊಸ ಬ್ರಷ್ ಹಾಕಿದರು. ಎಮೆರಿ ಕಾಗದ ಮುಟ್ಟಲೇಬೇಡ ಅಂತ ಮೂರು ಸಲ ಹೇಳಿದರು, ಅದರ ಪುಡಿ ಕರೆಂಟ್ ಹರಿಸುತ್ತದಂತೆ. ಜೋಡಿಸಿದ ಮೇಲೆ ಎಫ್ ವೈರ್ ಬಿಚ್ಚಿಟ್ಟು, ಬ್ಯಾಟರಿಯ ಲೈವ್ ತಂತಿಯನ್ನು (ಗಾಡಿ ಮೈಗೆ ಕಟ್ಟದ ತುದಿಯದು) ಎಫ್ ಟರ್ಮಿನಲ್‌ಗೆ ಕ್ಷಣಮಾತ್ರ ತಾಗಿಸಿದರು. ಸಣ್ಣ ಕಿಡಿ ಹಾರಿತು. ಫೀಲ್ಡಿಗೆ ಸರಿಯಾದ ಕಡೆಯ ಅಯಸ್ಕಾಂತ ಹಿಡಿಸುವ ಕೆಲಸ ಅದು. ಅದಕ್ಕೂ ಮುಂಚೆ ಗಾಡಿ ಮೈಗೆ ಬ್ಯಾಟರಿಯ ಯಾವ ತುದಿ ಕಟ್ಟಿದೆ ಅಂತ ನೋಡಿಕೊಳ್ಳಲೇಬೇಕು, ತುಂಬಾ ಹಳೇ ಗಾಡಿಗಳಲ್ಲಿ ಪ್ಲಸ್ಸೇ ಮೈಗೆ ಇರುತ್ತದೆ.

ಇಷ್ಟಕ್ಕೂ ಮುಂಚೆ ಹೊಸ ಬ್ಯಾಟರಿಗೆ ಎಷ್ಟು ದುಡ್ಡು ಹೋಯಿತು ಲೆಕ್ಕ ಹಾಕಿ. ಆಲ್ಟರ್ನೇಟರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಧಾನ ಓಡುವಾಗಲೂ ಚಾರ್ಜ್ ಕೊಡುತ್ತದೆ, ಲೈಟ್ ಜಾಸ್ತಿ ಉರಿಸುವವರಿಗೆ ಅದೇ ವಾಸಿ. ಆದರೆ ಸುಮ್ನೆ ನೋಡದೆ ಬಿಸಾಕಿಸುವುದು ರೈತನಿಗೆ ಮಾಡುವ ಅನ್ಯಾಯ.

ಇಂಥ ರಿಪೇರಿ ವಿಷಯಗಳಿಗೆ ಕೃಷಿ ಪುಟದಲ್ಲಿ ವಾರಕ್ಕೊಂದು ಮೂಲೆ ಕೊಡಿ. ಈ ಹಿರಿಯರಂಥವರನ್ನು ಕೇಳಿ ಬರೆಸಿ, ಬೇಗ ಬರೆಸಿ. ಅವರ ಅಂಗಡಿಯಲ್ಲಿ ಈಗ ಕೆಲಸ ಕಲಿಯುವ ಒಬ್ಬ ಹುಡುಗನೂ ಇಲ್ಲ.

ಇಂತಿ,
ನಿಮ್ಮ ಓದುಗ, ಹಾವೇರಿ ಜಿಲ್ಲೆಯ ಒಬ್ಬ ರೈತ