ಪುಟ್ಟಿ, ಆ ಡೈರಿಗೆ ಸಹಿ ಹಾಕಿದ್ದು ನಾನೇ

ತ್ಯಾಗರಾಜನಗರ, ಬೆಂಗಳೂರು
ನವೆಂಬರ್ 4

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನಾನು ಕೂಗಾಡಿದಾಗ ನೀನು ಒಂದು ಮಾತೂ ಆಡದೆ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ಆಗಿನಿಂದ ಮನಸ್ಸು ಸರಿಯಿಲ್ಲ. ಮತ್ತೆ ಫೋನ್ ಮಾಡಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಶುರುವಾದರೆ ನಿಲ್ಲುವುದಿಲ್ಲ. ಬರೆಯುವಾಗಾದರೆ ತಪ್ಪಿದ್ದನ್ನು ಹೊಡೆದುಹಾಕಬಹುದು. ಈಗಾಗಲೇ ಎರಡು ಹಾಳೆ ಹರಿದಿದ್ದೇನೆ.

ಮೊದಲು ನನ್ನ ಲೆಕ್ಕದ ಕಥೆ ಕೇಳು. ತೈವಾನಿನ ನಿಮ್ಮ ಅಮೆರಿಕನ್ ಶಾಲೆಯಿಂದ ಮೊದಲ ಕ್ವಾರ್ಟರ್‌ನ ರಿಪೋರ್ಟ್ ಬಂತು. ಜಿಪಿಎ, ಅಂದರೆ ಎಲ್ಲ ವಿಷಯದ ಗ್ರೇಡ್ ಸರಾಸರಿ, 3.2 ಅಂತ ಇತ್ತು. ಕ್ಯಾಲ್ಕುಲೇಟರ್ ತೆಗೆದೆ. ನಾಲ್ಕಕ್ಕೆ 3.2 ಅಂದರೆ ನೂರಕ್ಕೆ 80. ಅಲ್ಲಿಗೆ ಬಿಡಬಾರದಿತ್ತಾ? ಎಸ್‌ಎಸ್‌ಎಲ್‌ಸಿ ಲೆಕ್ಕಕ್ಕೂ ಇಳಿಸಿದೆ. 625ಕ್ಕೆ 500. ಎಂಟನೇ ಕ್ಲಾಸಿನವರೆಗೆ 95ಕ್ಕಿಂತ ಕೆಳಗೆ ಇಳಿಯದ ಹುಡುಗಿ ತೈಪೆಗೆ ಹೋದ ಮೂರೇ ತಿಂಗಳಿಗೆ ಹೀಗಾದಳಲ್ಲ ಅಂತ ತಲೆ ಕೆಟ್ಟುಹೋಯಿತು. ಆಮೇಲೆ ಆಗಿದ್ದು ನಿನಗೇ ಗೊತ್ತು.

ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಕೂತು ಓದಿದೆ. ನನ್ನ ತ್ರೈರಾಶಿ ಅಲ್ಲಿ ನಡೆಯುವುದೇ ಇಲ್ಲ. ಅಮೆರಿಕದ ಪದ್ಧತಿಯಲ್ಲಿ ಎ ಬಂದರೆ 4, ಬಿ ಬಂದರೆ 3, ಸಿ ಬಂದರೆ 2. ಬಿ ಅನ್ನುವುದು ಸಾಮಾನ್ಯವಾಗಿ 80ರಿಂದ 89ರ ಒಳಗಿನ ಅಂಕ. ಎಲ್ಲ ವಿಷಯದಲ್ಲೂ 85 ತೆಗೆದ ಮಗುವಿನ ಜಿಪಿಎ 3 ಆಗುತ್ತದೆ. ನನ್ನ ಕ್ಯಾಲ್ಕುಲೇಟರ್ ಆ ಮಗುವಿಗೆ 75 ಕೊಟ್ಟು ಬೈಸುತ್ತದೆ! ಅದೂ ಒಂದೇ ಪರೀಕ್ಷೆಯ ಅಂಕವಲ್ಲ. ಕ್ವಿಜ್, ಲ್ಯಾಬ್ ರಿಪೋರ್ಟ್, ಪ್ರಾಜೆಕ್ಟ್, ಪ್ರಬಂಧ, ಹೋಂವರ್ಕ್, ಎಲ್ಲಾ ಸೇರಿಸಿ. ನಾವೆಲ್ಲ ಜನವರಿಯವರೆಗೆ ಅಡ್ಡಾಡಿಕೊಂಡಿದ್ದು ಮಾರ್ಚ್‌ನಲ್ಲಿ ನಿದ್ದೆಗೆಟ್ಟು ಪಾಸಾದವರು. ನಿಮ್ಮಲ್ಲಿ ಆ ಆಟ ನಡೆಯಲ್ಲ. ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷದ ಗ್ರೇಡೆಲ್ಲ ಒಂದೇ ಅಂಕಪಟ್ಟಿಯಲ್ಲಿ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೂರುತ್ತದಂತೆ. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಇಷ್ಟೂ ಗೊತ್ತಿಲ್ಲದೆ ಬೈದೆ ಅಂತ ಒಪ್ಪಿಕೊಳ್ಳುತ್ತಿದ್ದೇನೆ.

ಅಂಕ ಹಾಗಿರಲಿ. ನನ್ನ ನಿದ್ದೆ ಕೆಡಿಸಿದ್ದು ನಿಮ್ಮ ವರ್ಲ್ಡ್ ಹಿಸ್ಟರಿ ಟೀಚರ್ ಬರೆದ ಎರಡು ಸಾಲು. ಬರವಣಿಗೆ ಅಚ್ಚುಕಟ್ಟಾಗಿದೆ, ಆದರೆ ಚರ್ಚೆಯಲ್ಲಿ ಮಾತಾಡುವುದಿಲ್ಲ, ಕೊಟ್ಟ ದಾಖಲೆಗಳನ್ನು ಪ್ರಶ್ನೆ ಮಾಡುವುದಿಲ್ಲ ಅಂತ. ದಾಖಲೆ ಅಂದರೇನು ಅಂತ ಅಮ್ಮನನ್ನು ಕೇಳಿದೆ. ಅವಳು ನಿನ್ನ ಉತ್ತರ ಪತ್ರಿಕೆಯ ಫೋಟೋ ಕಳಿಸಿದಳು. ಕೋಪ ಮಾಡ್ಕೋಬೇಡ, ನಿನ್ನನ್ನು ಕೇಳದೆ ನೋಡಿದೆ.

ಡಿಬಿಕ್ಯೂ, ಅಂದರೆ ದಾಖಲೆ ಆಧರಿಸಿದ ಪ್ರಶ್ನೆ, ಅಂತ ಕರೆಯುತ್ತೀರಂತೆ. ರೇಷ್ಮೆ ಮಾರ್ಗದ ಬಗ್ಗೆ ಒಂದು ಹಳೇ ನಕ್ಷೆ, ಹಳೇ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದದ್ದರಲ್ಲಿ ಒಂದು ತುಣುಕು, ಇನ್ನೂ ಮೂರ್ನಾಲ್ಕು ಕಾಗದ. ಇದನ್ನು ಬರೆದವರು ಯಾರು, ಯಾರಿಗಾಗಿ ಬರೆದರು, ಎಷ್ಟರಮಟ್ಟಿಗೆ ನಂಬಬಹುದು, ಅದನ್ನೆಲ್ಲ ಬಳಸಿಕೊಂಡು ನಿನ್ನ ವಾದ ಕಟ್ಟು ಅಂತ ಪ್ರಶ್ನೆ. ನೀನು ಏನು ಬರೆದಿದ್ದೆ? ‘ರೇಷ್ಮೆ ಮಾರ್ಗದ ಮಹತ್ವ’ ಅಂತ ಹೆಡ್ಡಿಂಗ್. ಅದಕ್ಕೆ ಕಪ್ಪು ಪೆನ್ನಲ್ಲಿ ಅಡಿಗೆರೆ. ಕೆಳಗೆ ನೀಲಿಯಲ್ಲಿ ಎಂಟು ಪಾಯಿಂಟ್. ಮುತ್ತಿನಂಥ ಅಕ್ಷರ. ಒಂದೇ ಒಂದು ದಾಖಲೆಯ ಹೆಸರಿಲ್ಲ.

ಆ ಕಪ್ಪು ಅಡಿಗೆರೆ ಎಳೆಯುವುದನ್ನು ಹೇಳಿಕೊಟ್ಟಿದ್ದು ಯಾರು? ನಾನೇ. ಊಟದ ಟೇಬಲ್ ಮೇಲೆ ಸ್ಕೇಲ್ ಇಟ್ಟು.

ಈಗ ಇನ್ನೊಂದು ವಿಷಯ. ನಿನ್ನ ಟಿಸಿಯ ಜೆರಾಕ್ಸ್ ಹುಡುಕೋಕೆ ಅಂತ ನಿನ್ನೆ ರಾತ್ರಿ ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿದೆ. ಅದರಲ್ಲಿ ನಿನ್ನ ಏಳನೇ ಕ್ಲಾಸಿನ ಡೈರಿ ಸಿಕ್ಕಿತು. ಕಂದು ರಟ್ಟು, ಮೇಲೆ ನೀನು ಅಂಟಿಸಿದ ಬೆಕ್ಕಿನ ಸ್ಟಿಕ್ಕರ್. ಆಗಸ್ಟ್ ತಿಂಗಳ ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಮಿಸ್ ಬರೆದಿದ್ದಾರೆ: ಪಾಠದ ನಡುವೆ ಬೇಡದ ಪ್ರಶ್ನೆ ಕೇಳಿ ಕ್ಲಾಸಿಗೆ ತೊಂದರೆ ಕೊಡುತ್ತಾಳೆ, ಪೋಷಕರು ಗಮನಿಸಬೇಕು. ಅದರ ಕೆಳಗೆ ನನ್ನ ಸಹಿ. ದೊಡ್ಡದಾಗಿ, ಬ್ಯಾಂಕಿನಲ್ಲಿ ಹಾಕುವ ಹಾಗೆ.

ಏನು ಪ್ರಶ್ನೆ ಕೇಳಿದ್ದೆ ಅಂತ ನಿನಗೆ ನೆನಪಿದೆಯೋ ಇಲ್ಲವೋ. ನನಗೆ ನೆನಪಿದೆ. ತಾಳಿಕೋಟೆ ಯುದ್ಧದ ಪಾಠ. 1565ರಲ್ಲಿ ವಿಜಯನಗರ ಸೋತಿತು ಅಂತ ಮಿಸ್ ಹೇಳಿದರು. ನೀನು ಎದ್ದು ನಿಂತು, ‘ಇದನ್ನು ಬರೆದಿಟ್ಟವರು ಗೆದ್ದವರಾ ಸೋತವರಾ ಮಿಸ್?’ ಅಂತ ಕೇಳಿದ್ದೆ. ಕೂತ್ಕೋ ಅಂದರಂತೆ. ಕೂರದೆ ಮತ್ತೆ ಕೇಳಿದ್ದೆ. ಮಿಸ್ಸನ್ನೂ ಪೂರ್ತಿ ದೂರಲಾರೆ. ಐವತ್ತು ಮಕ್ಕಳು, ಮುಗಿಸಲೇಬೇಕಾದ ಪೋರ್ಷನ್. ಆದರೆ ಮನೆಗೆ ಬಂದ ಮೇಲೆ ನನಗೇನು ಅವಸರವಿತ್ತು? ‘ಕ್ಲಾಸಲ್ಲಿ ಸುಮ್ನೆ ಕೂತು ಹೇಳಿದ್ದನ್ನು ಬರ್ಕೋ’ ಅಂದು ಸಹಿ ಹಾಕಿದೆ. ನೀನು ಹಾಗೇ ಮಾಡಿದೆ. ಆಮೇಲೆ ಡೈರಿಯಲ್ಲಿ ಒಂದೂ ಕೆಂಪು ಸಾಲಿಲ್ಲ. ಅವತ್ತು ತೊಂದರೆ ಅನ್ನಿಸಿಕೊಂಡ ಪ್ರಶ್ನೆಯನ್ನೇ ಇವತ್ತು ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿ ನಿನ್ನ ಮುಂದೆ ಇಡುತ್ತಿದ್ದಾರೆ. ಅದಕ್ಕೇ ಹೇಳುತ್ತೇನೆ, ಆ ಸಹಿಯನ್ನು ವಾಪಸ್ ತಗೊಂಡಿದ್ದೇನೆ ಅಂತ ತಿಳ್ಕೋ.

ಜಾಮೆಟ್ರಿಯಲ್ಲಿ ನಿನಗೆ ಎ ಬಂದಿದೆ. ಅದನ್ನು ಭಾನುವಾರ ನಾನು ಹೇಳಲೇ ಇಲ್ಲ, ನೋಡು! ವರ್ಷವಿಡೀ ಬರೀ ಜಾಮೆಟ್ರಿ, ವಿಜ್ಞಾನದಲ್ಲಿ ಬರೀ ಬಯಾಲಜಿ. ನಮ್ಮಲ್ಲಿ ಎಲ್ಲವನ್ನೂ ಚಿತ್ರಾನ್ನದ ಹಾಗೆ ಒಂದೇ ಪುಸ್ತಕದಲ್ಲಿ ಕಲಸಿ ಕೊಡುತ್ತಾರೆ. ನೀನು ಮಾಡುವ ಪ್ರೂಫ್ ನೋಡಿ ಖುಷಿಯಾಯಿತು. ನಡುವೆ ಗೆರೆ, ಎಡಗಡೆ ಹೇಳಿಕೆ, ಬಲಗಡೆ ಕಾರಣ. ತಿಪಟೂರಿನಲ್ಲಿ ಕನ್ನಡ ಮೀಡಿಯಂನಲ್ಲಿ ನಾವು ಮಾಡಿದ್ದೂ ಅದನ್ನೇ. ದತ್ತ, ಸಾಧನೀಯ, ರಚನೆ, ಸಾಧನೆ. ಪ್ರತಿ ಸಾಲಿಗೂ ಬಲಗಡೆ ಕಾರಣ ಇರಲೇಬೇಕು. ‘ಮೇಷ್ಟ್ರು ಹೇಳಿದರು’ ಅಂತ ಬರೆದರೆ ಸೊನ್ನೆ. ಹಿಸ್ಟರಿಯಲ್ಲೂ ಬಲಗಡೆ ಅಂಥದ್ದೇ ಒಂದು ಕಾಲಂ ಇದೆ ಅಂದ್ಕೋ. ಇಬ್ನ್ ಬತೂತ ಹೇಳಿದ್ದು ಆ ಕಾಲಂಗೆ ಹೋಗಬೇಕು. ಅವನು ಹೇಳಿದ್ದನ್ನು ಯಾಕೆ ನಂಬಿದೆ ಅನ್ನುವುದೂ ಅಲ್ಲಿಗೇ ಹೋಗಬೇಕು. ಜಾಮೆಟ್ರಿಯಲ್ಲಿ ನಿನಗೆ ಇದು ಸಲೀಸಾಗಿ ಬರುತ್ತೆ.

ಚರ್ಚೆಯ ದಿನ ಕುರ್ಚಿಗಳನ್ನು ವೃತ್ತದಲ್ಲಿ ಹಾಕಿ ಕೂರಿಸುತ್ತಾರೆ, ಟೀಚರ್ ಸುಮ್ಮನಿರುತ್ತಾರೆ, ಮಕ್ಕಳೇ ಮಾತಾಡಬೇಕು ಅಂತ ಅಮ್ಮ ಹೇಳಿದಳು. ಎಲ್ಲರ ಇಂಗ್ಲಿಷ್ ಅಮೆರಿಕದವರ ಥರ ಇದೆ, ನಂದು ಮಾತ್ರ ಹೀಗೆ ಅಂತ ನೀನು ಅತ್ತಿದ್ದನ್ನೂ ಹೇಳಿದಳು. ಒಂದು ವಿಷಯ ಯೋಚಿಸು. ತೈವಾನಿನಲ್ಲಿ ನಿಮ್ಮಂಥ ಶಾಲೆಗೆ ಸೇರಬೇಕಾದರೆ ವಿದೇಶಿ ಪಾಸ್‌ಪೋರ್ಟ್ ಇರಬೇಕು ಅನ್ನುವ ನಿಯಮವಿದೆ. ಹಾಗಾಗಿ ನಿನ್ನ ಗೆಳತಿಯರಲ್ಲಿ ಎಷ್ಟೋ ಜನ ತೈವಾನಿನ ಮನೆಯವರೇ, ಕೈಯಲ್ಲಿ ಮಾತ್ರ ಅಮೆರಿಕದ ಪಾಸ್‌ಪೋರ್ಟ್. ಮನೆಯಲ್ಲಿ ಅಜ್ಜಿ ಜೊತೆ ಚೀನೀ ಮಾತಾಡಿ ಶಾಲೆಗೆ ಬಂದು ಇಂಗ್ಲಿಷ್ ಮಾತಾಡುವವರು. ನಿನ್ನ ಥರಾನೇ, ಅಲ್ವಾ?

ಅಜ್ಜಿ ಅಂದಾಗ ನೆನಪಾಯಿತು. ‘ಅದು ಅಮೆರಿಕ ಸರ್ಕಾರದ ಸ್ಕೂಲಾ?’ ಅಂತ ಅಜ್ಜಿ ಮೂರು ಸಲ ಕೇಳಿದರು. ಅಲ್ಲ, ಖಾಸಗಿ ಶಾಲೆ, ಪಾಠ ಮಾತ್ರ ಅಮೆರಿಕದ್ದು ಅಂದೆ. ಇಂಥ ಎಷ್ಟೋ ಶಾಲೆಗಳಿಗೆ ಅಮೆರಿಕದ ವಿದೇಶಾಂಗ ಇಲಾಖೆ 1964ರಿಂದ ಒಂದು ಕಚೇರಿ ಇಟ್ಟು ನೆರವು ಕೊಡುತ್ತದೆ, ನಡೆಸುವವರು ಬೇರೆ. ಹೊಸ ವಿಚಾರವೂ ಅಲ್ಲ. ಇಲ್ಲೇ ಕೊಡೈಕೆನಾಲ್‌ನಲ್ಲಿ ಅಮೆರಿಕದ ಮಿಷನರಿಗಳು ತಮ್ಮ ಮಕ್ಕಳಿಗೆ 1901ರಲ್ಲೇ ಶಾಲೆ ತೆರೆದಿದ್ದರು. ಅಜ್ಜಿಗೆ ಸಮಾಧಾನವಾಗಲಿಲ್ಲ. ‘ಹೆಸರು ಅಮೆರಿಕ, ಊರು ತೈವಾನ್, ಮಗು ನಮ್ಮದು’ ಅಂದು ಒಳಗೆ ಹೋದರು.

ವಾಪಸ್ ಬಂದಾಗ ಏನು ಕಥೆ ಅನ್ನುವ ಚಿಂತೆ ನನಗಿದೆ, ಮುಚ್ಚಿಡಲ್ಲ. ಅಲ್ಲಿ ಹತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆಯೇ ಇಲ್ಲ. ಇಲ್ಲಿ ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು, ಜೊತೆಗೆ ಹತ್ತು ಅಥವಾ ಹನ್ನೆರಡನ್ನು ಇಲ್ಲೇ ಪಾಸ್ ಮಾಡಿರಬೇಕು ಅನ್ನುವುದು ಸಾಮಾನ್ಯ ನಿಯಮ. ಓದಿದ್ದು ಎಂಟು ವರ್ಷ ಇದೆ, ಪಾಸ್ ಆಗಬೇಕಾದದ್ದು ಇಲ್ಲ. ಅಮ್ಮನ ಕಂಪನಿ ಫೀಸು ಕಟ್ಟುವುದು ಮೂರೇ ವರ್ಷ. ನಾಲ್ಕನೇ ವರ್ಷದ್ದನ್ನು ಕಟ್ಟುವ ಶಕ್ತಿ ನಮಗಿಲ್ಲ. ಇದು ನಾನೂ ಅಮ್ಮನೂ ಕೂತು ಬಗೆಹರಿಸಬೇಕಾದ ವಿಷಯ. ಇದನ್ನು ನೀನು ತಲೆಗೆ ಹಚ್ಚಿಕೊಳ್ಳಬೇಡ.

ಇನ್ನೊಂದು ಎಡವಟ್ಟು ಹೇಳಿಬಿಡುತ್ತೇನೆ, ನಗು. ನಿಮ್ಮ ಪೇರೆಂಟ್ಸ್ ಮೀಟಿಂಗ್ 11/12 ಅಂತ ಮೇಲ್ ಬಂದಿತ್ತು. ನಾನು ಡಿಸೆಂಬರ್ 11ಕ್ಕೆ ರಜೆ ಹಾಕಿ ಕೂತಿದ್ದೆ. ಅಮೆರಿಕದವರು ತಿಂಗಳನ್ನು ಮೊದಲು ಬರೀತಾರೆ, ಅದು ನವೆಂಬರ್ 12 ಅಂತ ನಿನ್ನೆ ಅಮ್ಮ ಹೇಳಿದ ಮೇಲೆ ಓಡಿಹೋಗಿ ರಜೆ ಬದಲಾಯಿಸಿದೆ.

ಆ ಮೀಟಿಂಗ್‌ನಲ್ಲಿ ಟೀಚರ್ ಮಾತಾಡುವುದಿಲ್ಲವಂತೆ. ನೀನೇ ನಿನ್ನ ಕೆಲಸ ತೋರಿಸಿ, ಎಲ್ಲಿ ಚೆನ್ನಾಗಿ ಬಂತು, ಎಲ್ಲಿ ಕೈಕೊಟ್ಟಿತು ಅಂತ ನಮಗೆ ಹೇಳಬೇಕಂತೆ. ಆ ಡಿಬಿಕ್ಯೂ ತೋರಿಸು. ನಾಚಿಕೆ ಬೇಡ, ನಾನು ಆಗಲೇ ನೋಡಿಯಾಗಿದೆ. ನಿಮಗೆ ಬೆಳಗ್ಗೆ 8 ಅಂದರೆ ನಮಗೆ ಐದೂವರೆ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತೇನೆ. ಅಜ್ಜಿಯೂ ಸ್ನಾನ ಮಾಡಿ ಬಂದು ಕೂರುತ್ತಾರಂತೆ. ನಡುವೆ ಎರಡು ಮಾತು ಕನ್ನಡದಲ್ಲಿ ಹೇಳಬಹುದಾ ಅಂತ ಟೀಚರ್‌ನ ಕೇಳು. ಕೇಳೋಕೆ ಹೆದರಬೇಡ.

ಅಮ್ಮನ ಜೊತೆ ಕೆಲಸ ಮಾಡುವವರೊಬ್ಬರು ಶನಿವಾರ ಹೊರಡುತ್ತಿದ್ದಾರೆ. ಚಟ್ನಿಪುಡಿ, ಕೋಡುಬಳೆ ಕಳಿಸುತ್ತಿದ್ದೇನೆ. ಕಡಲೆಕಾಯಿ ಪರಿಷೆ ಇನ್ನೂ ಬಂದಿಲ್ಲ, ಹಾಗಾಗಿ ಈ ಸಲ ಕಡಲೆಕಾಯಿ ಇಲ್ಲ.

ಇಂತಿ,
ಅಪ್ಪ