ನಾಲ್ಕು ಗಂಟೆ ಉಳಿಸಿಕೊಟ್ಟ ಎಲ್ರಿಗೂ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಬರೀಬೇಕು ಬರೀಬೇಕು ಅಂದ್ಕೊಂಡು ಮುಂದಕ್ಕೆ ಹಾಕ್ತಾನೇ ಬಂದೆ, ಇವತ್ತು ಮೂರು ನೈಟ್ ಮುಗಿಸಿ, ಮಲಗಿ ಎದ್ದು, ಒಂದು ಲೋಟ ಕಾಫಿ ಹಿಡ್ಕೊಂಡು ಕೂತಿದೀನಿ, ಈಗ ಬರೀದಿದ್ರೆ ಇನ್ಯಾವತ್ತೂ ಬರಿಯಲ್ಲ. ವಿಷ್ಯ ಎರಡು. ನಮ್ಮ ಎಮರ್ಜೆನ್ಸಿ ಡಿಪಾರ್ಟ್‌ಮೆಂಟಿನ ಎಸ್‌ಎಎಸ್ ಡಾಕ್ಟರುಗಳ, ಅಂದ್ರೆ ಟ್ರೈನಿಗೂ ಕನ್ಸಲ್ಟೆಂಟ್‌ಗೂ ನಡುವೆ ಇರೋರ, ರೆಪ್ (ಪ್ರತಿನಿಧಿ) ಆಗಿ ನಂದು ನಾಲ್ಕು ವರ್ಷ ಮುಗೀತು, ಹೋದ ಶುಕ್ರವಾರ ಫೈಲು, ಪಾಸ್‌ವರ್ಡು, ಬಿಸ್ಕೆಟ್ ಡಬ್ಬಿ ಎಲ್ಲಾ ಮುಂದಿನವರ ಕೈಗೆ ಕೊಟ್ಟೆ. ಇನ್ನೊಂದು, ನಂಗೆ ಸ್ಪೆಷಲಿಸ್ಟ್ ಪೋಸ್ಟ್ ಸಿಕ್ತು.

ಕನ್ಸಲ್ಟೆಂಟ್ ಅಲ್ರಪ್ಪಾ, ಸ್ಪೆಷಲಿಸ್ಟ್. ಈಗ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಯುಗಾದಿ ಪ್ರೋಗ್ರಾಮಲ್ಲಿ ಊಟದ ಕ್ಯೂನಲ್ಲಿ ನಿಂತಿದ್ದಾಗ ಒಬ್ರು ಆಂಟಿ, ಪಾಪ ಪ್ರೀತಿಯಿಂದಾನೇ, ಎಲ್ರಿಗೂ ಕೇಳೋ ಹಾಗೆ "ಇಷ್ಟು ವರ್ಷ ಆಯ್ತಲ್ಲಮ್ಮಾ, ಇನ್ನೂ ಕನ್ಸಲ್ಟೆಂಟ್ ಆಗಿಲ್ವಾ?" ಅಂದ್ರು. ನಾನು ನಕ್ಕು ಒಬ್ಬಟ್ಟು ಹಾಕಿಸ್ಕೊಂಡು ಮುಂದೆ ಹೋದೆ. ಆಂಟಿ, ಉತ್ತರ ಇಲ್ಲಿದೆ, ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ಇಲ್ಲಿ ಇಂಗ್ಲೆಂಡಲ್ಲಿ ಆಸ್ಪತ್ರೆ ಅಂದ್ರೆ ಮೇಲ್ಗಡೆ ಕನ್ಸಲ್ಟೆಂಟ್, ಕೆಳಗಿಂದ ಒಂದೊಂದೇ ಮೆಟ್ಟಿಲು ಹತ್ಕೊಂಡು ಬರೋ ಟ್ರೈನಿಗಳು. ಟ್ರೈನಿಗಳು ಬರ್ತಾರೆ, ಕಲೀತಾರೆ, ಬೇರೆ ಆಸ್ಪತ್ರೆಗೆ ಹೋಗ್ತಾರೆ. ಇವೆರಡರ ನಡುವೆ ವರ್ಷಗಟ್ಲೆ ಅಲ್ಲೇ ಇರೋರು ನಾವು, ಸ್ಪೆಷಾಲ್ಟಿ ಡಾಕ್ಟರು, ಅಸೋಸಿಯೇಟ್ ಸ್ಪೆಷಲಿಸ್ಟು, ಈಗ ಹೊಸದಾಗಿ ಸ್ಪೆಷಲಿಸ್ಟು, ಎಲ್ಲಾ ಸೇರಿ ಎಸ್‌ಎಎಸ್. ಹಿಂದೆ ಸ್ಟಾಫ್ ಗ್ರೇಡ್ ಅಂತಿದ್ರು. 2008ರಲ್ಲಿ ಅಸೋಸಿಯೇಟ್ ಸ್ಪೆಷಲಿಸ್ಟ್ ಹುದ್ದೆಗೆ ಹೊಸಬರನ್ನ ತಗೊಳೋದು ನಿಲ್ಲಿಸಿದ್ರು, ಆಮೇಲೆ 13 ವರ್ಷ ಸ್ಪೆಷಾಲ್ಟಿ ಡಾಕ್ಟರ್ ಆದೋರಿಗೆ ಮೇಲೆ ಹೋಗೋಕೆ ಒಂದು ಮೆಟ್ಟಿಲೇ ಇರ್ಲಿಲ್ಲ. 2021ರ ಏಪ್ರಿಲ್‌ನಲ್ಲಿ ಹೊಸ ಕಾಂಟ್ರಾಕ್ಟ್ ಬಂದು ಸ್ಪೆಷಲಿಸ್ಟ್ ಅನ್ನೋ ಹುದ್ದೆ ಹುಟ್ಟಿತು.

ಆದ್ರೆ ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಗೆ ಬಂದು ನೋಡಿ. 30 ದಾಟಿದವರಿಗೆ ಎದೆನೋವು, ಒಂದು ವರ್ಷದೊಳಗಿನ ಕೂಸಿಗೆ ಜ್ವರ, 70 ದಾಟಿದ ಅಜ್ಜನಿಗೆ ಹೊಟ್ಟೆನೋವು, 72 ಗಂಟೆಯೊಳಗೆ ಅದೇ ತೊಂದ್ರೆಗೆ ವಾಪಸ್ ಬಂದೋರು, ಈ ನಾಲ್ಕು ಥರದವರನ್ನ ಸೀನಿಯರ್ ನೋಡದೆ ಮನೆಗೆ ಕಳಿಸಬಾರದು ಅನ್ನೋದು ನಮ್ಮ ಎಮರ್ಜೆನ್ಸಿ ಡಾಕ್ಟರುಗಳ ರಾಯಲ್ ಕಾಲೇಜಿನ ಗೈಡ್‌ಲೈನು. ಆ ಹೊತ್ತಲ್ಲಿ ಕನ್ಸಲ್ಟೆಂಟ್ ಮನೇಲಿ ಆನ್‌ಕಾಲ್. ಹಾಗಾಗಿ ಆ ಸೀನಿಯರ್ ನಾವೇ. ರಾತ್ರಿ ಸೀನಿಯರ್, ಬೆಳಗಾದ್ರೆ ಮೀಟಿಂಗಲ್ಲಿ "ನೀವ್ಯಾರು?" ಅಂತ ಕೇಳಿಸ್ಕೊಳೋರು.

ಸರಿ, ಥ್ಯಾಂಕ್ಸ್‌ಗೆ ಬರ್ತೀನಿ.

ಮೊದಲನೇದು ನಮ್ಮ ಹಳೇ ಅಸೋಸಿಯೇಟ್ ಸ್ಪೆಷಲಿಸ್ಟ್ ಸರ್‌ಗೆ. ನಾನು 2012ರಲ್ಲಿ ಬಂದಾಗ ದಾವಣಗೆರೆ ಅಭ್ಯಾಸ, ಚಿಗಟೇರಿ ಆಸ್ಪತ್ರೆ ಕ್ಯಾಷುವಾಲ್ಟೀಲಿ ಹೌಸ್‌ಸರ್ಜನ್ಸಿ ಮಾಡಿದವಳು, ಬಾಯಿ ಬಿಟ್ರೆ ಸರ್, ಸರ್. ಅವರು ಶ್ರೀಲಂಕಾದವರು, "ಇಲ್ಲಿ ಸರ್ ಅನ್ನಿಸ್ಕೊಬೇಕಂದ್ರೆ ರಾಣಿ ಕತ್ತಿ ಮುಟ್ಟಿಸ್ಬೇಕಮ್ಮಾ" ಅಂತಿದ್ರು. ನಾನು ನಿಲ್ಲಿಸ್ಲಿಲ್ಲ, ಅವರಿಗೂ ಅಭ್ಯಾಸ ಆಯ್ತು. ರಿಟೈರ್ ಆಗೋ ದಿನ ಅವರು ನಂಗೆ ಕೊಟ್ಟಿದ್ದು ಒಂದು ಬಿಸ್ಕೆಟ್ ಡಬ್ಬಿ, ಒಳಗೆ ಬಿಸ್ಕೆಟ್ ಇರ್ಲಿಲ್ಲ, 20 ವರ್ಷದ ಚೀಟಿಗಳು. ಯಾರ ರಜೆ ಯಾವತ್ತು ರದ್ದಾಯ್ತು, ಯಾರಿಗೆ ಕೋರ್ಸಿಗೆ ಹೋಗೋಕೆ ಬಿಡ್ಲಿಲ್ಲ, ಎಲ್ಲಾ ತಾರೀಖು ಸಮೇತ. "ಜಗಳ ಆಡ್ಬೇಡ, ಬರ್ದಿಟ್ಕೋ" ಅಂದ್ರು. ಆ ನಾಲ್ಕು ವರ್ಷ ನಾನು ಮಾಡಿದ್ದು ಇಷ್ಟೇ ಅಂತ ಹೇಳ್ಬಹುದು.

ಎರಡನೇದು ರೋಟಾ, ಅಂದ್ರೆ ಡ್ಯೂಟಿ ಪಟ್ಟಿ, ಮಾಡೋ ಕೋಆರ್ಡಿನೇಟರ್‌ಗೆ. ನಮ್ಮ ರೋಟಾದಲ್ಲಿ ಕನ್ಸಲ್ಟೆಂಟ್‌ಗಳಿಗೆ ಹೆಸರು, ಟ್ರೈನಿಗಳಿಗೆ ಹೆಸರು, ನಮಗೆ ಎಂಜಿ 1, ಎಂಜಿ 2, ಮಿಡಲ್ ಗ್ರೇಡ್ ಅಂತ. ನಾನು ಎಂಜಿ 4. ಎಷ್ಟು ಸಣ್ಣ ವಿಷ್ಯ ಅನ್ಸುತ್ತೆ ಅಲ್ವಾ, ಆದ್ರೆ ಜೈಲಲ್ಲಿ ನಂಬರ್ ಕೊಟ್ಟಂಗೆ ಇರೋದು, ಒಂದ್ಸಲ ಹೊಸ ನರ್ಸ್ ಒಬ್ಬಳು ನಿಜವಾಗ್ಲೂ "ಎಂಜಿ ಫೋರ್ ಯಾರು, ರೆಸಸ್‌ಗೆ ಬನ್ನಿ" ಅಂತ ಕೂಗಿದ್ಲು (ರೆಸಸ್ ಅಂದ್ರೆ ಜೀವಕ್ಕೆ ಅಪಾಯ ಇರೋರನ್ನ ನೋಡೋ ಜಾಗ). ರೆಪ್ ಆದ ಮೊದಲ ವಾರ ಹೋಗಿ ಕೇಳ್ದೆ, ಹೆಸರು ಹಾಕೋಕಾಗುತ್ತಾ ಅಂತ. ಅವಳು ಕಂಪ್ಯೂಟರಿಂದ ಕಣ್ಣು ತೆಗೀದೇ "ಇಷ್ಟು ವರ್ಷ ಯಾರೂ ಕೇಳೇ ಇಲ್ಲ" ಅಂದು ಹತ್ತು ನಿಮಿಷದಲ್ಲಿ ಬದಲಾಯಿಸಿದ್ಲು. ಹತ್ತೇ ನಿಮಿಷ! ನಾನು ದೊಡ್ಡ ಭಾಷಣ ರೆಡಿ ಮಾಡ್ಕೊಂಡು ಹೋಗಿದ್ದೆ.

ಆದ್ರೆ ಎಲ್ಲಾ ಹತ್ತು ನಿಮಿಷದ ಕೆಲಸ ಆಗಿರ್ಲಿಲ್ಲ. ನಮ್ಮ ಕೆಲಸದ ಲೆಕ್ಕ ಪಿಎ ಅನ್ನೋದರಲ್ಲಿ, ಹಗಲಲ್ಲಿ ಒಂದು ಪಿಎ ಅಂದ್ರೆ ನಾಲ್ಕು ಗಂಟೆ, ರಾತ್ರಿ ವೀಕೆಂಡು ಆದ್ರೆ ಮೂರು. ಅದ್ರಲ್ಲಿ ವಾರಕ್ಕೆ ಕನಿಷ್ಠ ಒಂದು ಪಿಎ, ಅಂದ್ರೆ ನಾಲ್ಕು ಗಂಟೆ, ಪೇಷಂಟ್ ನೋಡೋದು ಬಿಟ್ಟು ಓದೋಕೆ, ಆಡಿಟ್ ಮಾಡೋಕೆ, ಕಲಿಸೋಕೆ, ಅಪ್ರೈಸಲ್ ಬರೆಯೋಕೆ ಅಂತ ಇರ್ಬೇಕು, ಎಸ್‌ಪಿಎ ಅಂತಾರೆ. ಪೇಪರ್ ಮೇಲೆ ಎಲ್ರಿಗೂ ಇತ್ತು. ರೋಟಾದಲ್ಲಿ ಹುಡುಕಿದ್ರೆ ಇಲ್ಲ, ಆ ನಾಲ್ಕು ಗಂಟೇಲೂ ಮೇಜರ್ಸ್‌ನಲ್ಲಿ, ಅಂದ್ರೆ ಗಂಭೀರ ಪೇಷಂಟ್‌ಗಳ ಕಡೆ, ನಿಂತಿರ್ತಿದ್ವಿ, ಅಪ್ರೈಸಲ್ ಬರೀತಿದ್ದಿದ್ದು ಮಕ್ಕಳು ಮಲಗಿದ್ಮೇಲೆ. ಇನ್ನು ಹೊಸ ಕಾಂಟ್ರಾಕ್ಟ್ ಬಂದಾಗ ಮೊದಲು ಸಂಜೆ ಏಳಕ್ಕೆ ಮುಗೀತಿದ್ದ ಮಾಮೂಲಿ ರೇಟಿನ ಹೊತ್ತನ್ನ ರಾತ್ರಿ ಒಂಬತ್ತರವರೆಗೆ ಎಳೆದಿದ್ರು, ಸಂಜೆ ಶಿಫ್ಟೇ ಜಾಸ್ತಿ ಮಾಡೋ ನಮ್ಮಂಥ ಎಮರ್ಜೆನ್ಸಿಯವರಿಗೆ ಹೊಸದಕ್ಕೆ ಹೋಗೋದಾ ಬಿಡೋದಾ ಅನ್ನೋದು ದೊಡ್ಡ ತಲೆನೋವು, ಒಬ್ಬೊಬ್ಬರ ಲೆಕ್ಕ ಒಂದೊಂದು ಥರ. ಇಲ್ಲಿ ನನ್ನ ಯಜಮಾನ್ರಿಗೆ ಥ್ಯಾಂಕ್ಸ್ ಹೇಳ್ಲೇಬೇಕು, ಸಾಫ್ಟ್‌ವೇರ್ ಮನುಷ್ಯ, ಒಂದು ಭಾನುವಾರ ಪೂರ್ತಿ ಕೂತು ಎಕ್ಸೆಲ್ ಶೀಟ್ ಮಾಡ್ಕೊಟ್ರು, ಅವರವರ ಶಿಫ್ಟ್ ಹಾಕಿದ್ರೆ ಹಳೇ ಕಾಂಟ್ರಾಕ್ಟಲ್ಲಿ ಎಷ್ಟು ಹೊಸದರಲ್ಲಿ ಎಷ್ಟು ಅಂತ ಬರೋ ಹಾಗೆ. ಆಮೇಲೆ ಗೊತ್ತಾಯ್ತು ಆ ಶೀಟು ಆರ್ಥೋಪೆಡಿಕ್ಸ್‌ನವರ ಹತ್ರಾನೂ ಹೋಗಿತ್ತು ಅಂತ. ನನ್ನ ಯಜಮಾನ್ರು ಈಗ್ಲೂ ರಾಯಲ್ಟಿ ಕೇಳ್ತಾರೆ.

ಎಸ್‌ಪಿಎ ವಿಷ್ಯಕ್ಕೆ ಎಂಟು ತಿಂಗಳು ಹಿಡೀತು. ನಮ್ಮ ಹೊಸ ಕ್ಲಿನಿಕಲ್ ಲೀಡ್ ಬಂದ ಮೇಲಿನ ಮೊದಲ ಮೀಟಿಂಗಲ್ಲಿ ನಾನು ಹೇಳ್ದೆ, ಬಂದ ಪೇಷಂಟ್‌ನ ನಾಲ್ಕು ಗಂಟೆಯೊಳಗೆ ಅಡ್ಮಿಟ್ ಮಾಡ್ಬೇಕು, ಇಲ್ಲಾ ಕಳಿಸ್ಬೇಕು ಅನ್ನೋದು ಗುರಿ, ದಾಟಿದ್ರೆ ಸ್ಕ್ರೀನ್ ಮೇಲೆ ಕೆಂಪಗಾಗುತ್ತೆ, ಬ್ರೀಚ್ ಬ್ರೀಚ್ (ಗಡುವು ಮೀರಿತು) ಅಂತ ಮ್ಯಾನೇಜರ್ ಓಡಿ ಬರ್ತಾರೆ, ನಮ್ಮ ನಾಲ್ಕು ಗಂಟೆ ಎಂಟು ತಿಂಗಳಿಂದ ಬ್ರೀಚ್ ಆಗಿ ಕೂತಿದೆ, ಯಾರೂ ಓಡಿ ಬಂದಿಲ್ಲ ಅಂತ. ಸ್ವಲ್ಪ ಜಾಸ್ತಿ ಆಯ್ತೇನೋ ಅನ್ಸಿತು. ಅವರು ನಗ್ಲಿಲ್ಲ, ಸಿಟ್ಟೂ ಮಾಡ್ಕೊಳ್ಲಿಲ್ಲ, ಡಬ್ಬಿ ಚೀಟಿಗಳನ್ನ ಟೈಪ್ ಮಾಡಿಟ್ಟಿದ್ದ ಲಿಸ್ಟ್ ಇಸ್ಕೊಂಡ್ರು, ಮುಂದಿನ ರೋಟಾದಲ್ಲಿ ಏಳು ಜನದ ಹೆಸರಿನ ಮುಂದೆ ವಾರಕ್ಕೊಂದು ಅರ್ಧ ದಿನ ಹಸಿರು ಬಣ್ಣದ ಚೌಕ ಬಂತು. ಆ ಹಸಿರು ಚೌಕದ ಫೋಟೋ ಇನ್ನೂ ನನ್ನ ಫೋನಲ್ಲಿದೆ. ಮೇಡಂ, ನೀವು ಕನ್ನಡ ಓದಲ್ಲ ಅಂತ ಗೊತ್ತು, ಆದ್ರೂ ಥ್ಯಾಂಕ್ಯೂ.

ಈ ನಾಲ್ಕು ಗಂಟೆಯಿಂದ ಏನಾಯ್ತು ಅಂತ ಕೇಳೋರಿಗೆ ಒಂದೇ ಒಂದು ಘಟನೆ ಹೇಳ್ತೀನಿ. ನಮ್ಮಲ್ಲಿ ಒಬ್ಬ ಹುಡುಗ, ಹುಡುಗ ಅಂದ್ರೆ 38 ವರ್ಷ, ಆರು ವರ್ಷದಿಂದ ಸ್ಪೆಷಾಲ್ಟಿ ಡಾಕ್ಟರ್, ಸೊಂಟದ ಹತ್ರ ಮೂಳೆ ಮುರಿದೋರಿಗೆ ಕೊಡೋ ನರ್ವ್ ಬ್ಲಾಕ್, ಅಂದ್ರೆ ನೋವು ಗೊತ್ತಾಗದ ಹಾಗೆ ನರದ ಹತ್ರ ಹಾಕೋ ಇಂಜೆಕ್ಷನ್, ಅವನಿಗೆ ಬರ್ತಿರ್ಲಿಲ್ಲ. ಕಲಿಸೋಕೆ ಯಾರಿಗೂ ಪುರುಸೊತ್ತಿಲ್ಲ, ಕೋರ್ಸಿಗೆ ಹೋಗೋಕೆ ರಜೆ ಇಲ್ಲ, ಮೂರು ವರ್ಷಕ್ಕೆ 30 ದಿನ ಸ್ಟಡಿ ಲೀವ್ ಅಂತ ರೂಲ್ ಇದ್ರೂ. ಹಸಿರು ಚೌಕ ಬಂದ ಮೇಲೆ ಅವನು ಅಲ್ಟ್ರಾಸೌಂಡ್ ಹಿಡ್ಕೊಂಡು ಥಿಯೇಟರಿನ ಅನಸ್ತೀಷಿಯಾದವರ ಹಿಂದೆ ಹಿಂದೆ ತಿರುಗಿ ಕಲ್ತ. ಆಮೇಲೆ 2022ರ ಡಿಸೆಂಬರ್. ಇಲ್ಲಿರೋರಿಗೆ ಆ ಚಳಿಗಾಲ ಹೇಳೋದೇ ಬೇಡ, ಇಂಗ್ಲೆಂಡಿನ ಎಮರ್ಜೆನ್ಸಿಗಳಲ್ಲಿ ನಾಲ್ಕು ಗಂಟೆಯೊಳಗೆ ಮುಗಿದಿದ್ದು ನೂರಕ್ಕೆ 65 ಜನಕ್ಕೆ ಮಾತ್ರ, ಅಡ್ಮಿಟ್ ಮಾಡ್ಬೇಕು ಅಂತ ತೀರ್ಮಾನ ಆದ ಮೇಲೂ 12 ಗಂಟೆಗಿಂತ ಜಾಸ್ತಿ ಕಾದೋರು ಆ ಒಂದೇ ತಿಂಗಳಲ್ಲಿ 54 ಸಾವಿರಕ್ಕೂ ಹೆಚ್ಚು. ನಮ್ಮ ಕಾರಿಡಾರಲ್ಲಿ ಟ್ರಾಲಿಗಳು ರೈಲು ಬೋಗಿ ಥರ ಸಾಲಾಗಿ. ಅದರಲ್ಲೊಂದರಲ್ಲಿ ಒಬ್ಬರು ಅಜ್ಜಿ, ಅಡುಗೆಮನೇಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದ್ದು, ಮಾರ್ಫಿನ್ ಕೊಟ್ರೆ ಉಸಿರು ನಿಧಾನ ಆಗುತ್ತೆ, ಕೊಡ್ದಿದ್ರೆ ಯಾರಾದ್ರೂ ಟ್ರಾಲಿ ಪಕ್ಕ ಹಾದು ಹೋದ್ರೂ ಸಾಕು ಕಂಬಿ ಬಿಗಿಯಾಗಿ ಹಿಡ್ಕೊಂಡು ಕಣ್ಣು ಮುಚ್ತಿದ್ರು. ಬೆರಳ ಗಂಟುಗಳೆಲ್ಲಾ ಬೆಳ್ಳಗಾಗಿದ್ವು.

ಇವನು ಅವರನ್ನ ಹೆಂಗೋ ಅರ್ಧ ಗಂಟೆಗೆ ಅಂತ ರೆಸಸ್‌ನ ಒಂದು ಮೂಲೆಗೆ ತಂದ. ನರ್ಸ್ "ಯಾವ ಕಡೆ?" ಅಂತ ಜೋರಾಗಿ ಕೇಳಿದ್ಲು, ಸೂಜಿ ಹಾಕೋ ಮುಂಚೆ ನಿಂತು ಕೇಳ್ಲೇಬೇಕು, ತಪ್ಪು ಕಾಲಿಗೆ ಹಾಕ್ಬಾರ್ದಲ್ಲ. "ಎಡ" ಅಂದ. ಅಜ್ಜಿನೂ "ಎಡ" ಅಂದ್ರು. ತೊಡೆಸಂದಿ ಮೇಲೆ ಅಲ್ಟ್ರಾಸೌಂಡ್ ಇಟ್ಟು, ಪದರದ ಕೆಳಗೆ ಔಷಧಿ ಕಪ್ಪಗೆ ಹರಡೋದನ್ನ ಸ್ಕ್ರೀನಲ್ಲಿ ನಾನೂ ನೋಡ್ದೆ. ಆಮೇಲೆ ನಾನು ಬೇರೆ ಪೇಷಂಟ್ ಕಡೆ ಹೋದೆ. ಅರ್ಧ ಗಂಟೆ ಬಿಟ್ಟು ಬಂದ್ರೆ ಅಜ್ಜಿ ಮತ್ತೆ ಕಾರಿಡಾರಲ್ಲೇ, ಆದ್ರೆ ಕೈ ಕಂಬಿ ಮೇಲಿಲ್ಲ, ಎರಡೂ ಕೈಯಲ್ಲಿ ಟೀ ಕಪ್ಪು ಹಿಡ್ಕೊಂಡು ಪಕ್ಕದ ಟ್ರಾಲಿಯವರ ಜೊತೆ ಬೆಕ್ಕಿನ ವಿಷ್ಯ ಮಾತಾಡ್ತಿದ್ರು. ಮನೇಲಿ ಬೆಕ್ಕಿಗೆ ಯಾರು ಊಟ ಹಾಕ್ತಾರೆ ಅನ್ನೋದೇ ಅವರಿಗೆ ಚಿಂತೆ. ನಾನು ಸ್ಟೋರ್ ರೂಮಿಗೆ ಹೋಗಿ ಒಂದು ನಿಮಿಷ ಸುಮ್ನೆ ನಿಂತು ಬಂದೆ.

ಆ ಹುಡುಗ ಈಗ ಬೇರೆಯವರಿಗೆ ಕಲಿಸ್ತಿದಾನೆ. ಅವನ ಹಸಿರು ಚೌಕದಲ್ಲೇ.

ಡಿಪಾರ್ಟ್‌ಮೆಂಟ್ ಸೆಕ್ರೆಟರಿಗೆ ಬೇರೇನೇ ಒಂದು ಪ್ಯಾರಾ ಬೇಕು. ನಮ್ಮ ಸುಡಾನಿನ ಗೆಳತಿ ಸ್ಪೆಷಲಿಸ್ಟ್ ರಿಜಿಸ್ಟರಿಗೆ ಅರ್ಜಿ ಹಾಕಿದ್ಲು, ಟ್ರೈನಿಂಗ್ ಮೆಟ್ಟಿಲು ಹತ್ತದೇ, ಮಾಡಿರೋ ಕೆಲಸದ ಸಾಕ್ಷಿ ತೋರಿಸಿ ಕನ್ಸಲ್ಟೆಂಟ್ ಆಗೋ ದಾರಿ, ಮೊದಲು ಸೀಸರ್ ಅಂತಿದ್ರು, 2023ರ ನವೆಂಬರ್ 30ರಿಂದ ಪೋರ್ಟ್‌ಫೋಲಿಯೋ ಪಾತ್‌ವೇ ಆಗಿದೆ. ರಾಯಲ್ ಕಾಲೇಜಿನ 2021ರ ಪಠ್ಯದಲ್ಲಿ 12 ಕಲಿಕೆಯ ಗುರಿಗಳಿವೆ, ಎಂಟನೇದು ಇಡೀ ಶಿಫ್ಟನ್ನ ನಡೆಸೋದು. ಅವಳು ಒಂಬತ್ತು ವರ್ಷದಿಂದ ರಾತ್ರಿ ಶಿಫ್ಟ್ ನಡೆಸ್ತಿದಾಳೆ, ಸಾಕ್ಷಿ ತೋರಿಸು ಅಂದ್ರೆ ಒಂದು ಹಾಳೆ ಇಲ್ಲ, ಯಾಕಂದ್ರೆ ಯಾರೂ ನಿಂತು ನೋಡಿ ಫಾರಂ ತುಂಬಿಲ್ಲ! ಇಬ್ಬರು ಕನ್ಸಲ್ಟೆಂಟ್‌ಗಳು ತಮ್ಮ ಡ್ಯೂಟಿ ಇಲ್ಲದ ರಾತ್ರಿ ಬಂದು ಅವಳ ಜೊತೆ ನಿಂತು ಅಸೆಸ್‌ಮೆಂಟ್ ಮಾಡಿದ್ರು, ಅವರಿಗೂ ಇಲ್ಲೇ ನಮಸ್ಕಾರ. ಪೇಷಂಟಿನ ಹೆಸರು ನಂಬರ್ ಒಂದು ಕಡೆನೂ ಕಾಣಬಾರ್ದಲ್ಲ, ನಮ್ಮ ಸೆಕ್ರೆಟರಿ ಐದು ಗಂಟೆಗೆ ಮನೆಗೆ ಹೋಗ್ಬೇಕಾದವರು ಏಳರವರೆಗೆ ಆಫೀಸಲ್ಲಿ ಕೂತು ನೂರಾರು ಹಾಳೆಗೆ ಕಪ್ಪು ಬಳಿಯೋಕೆ ಸಹಾಯ ಮಾಡಿದ್ರು. ಗೆಳತಿ ಈಗ ಕನ್ಸಲ್ಟೆಂಟ್. ನಂಗೆ ಆ ದಾರಿ ಬೇಡ ಅನ್ಸಿತು, ಬೆಡ್ ಪಕ್ಕದ ಕೆಲಸ ಇಷ್ಟ, ಅದಕ್ಕೇ ಸ್ಪೆಷಲಿಸ್ಟ್. ಆಂಟಿ, ಇದೇ ಉತ್ತರ.

ಕಾಲೇಜಿನಲ್ಲಿರೋ ನಮ್ಮ ಎಸ್‌ಎಎಸ್ ಕಮಿಟಿಯವರಿಗೂ ಋಣಿ, ಎಷ್ಟು ಸಲ ಬುದ್ಧಿಯಿಲ್ಲದ ಪ್ರಶ್ನೆ ಕೇಳಿ ಮೇಲ್ ಮಾಡಿದೀನೋ. ಒಂದ್ಸಲ ಲಂಡನ್ನಿಗೆ ಮೀಟಿಂಗಿಗೆ ಹೋದಾಗ ಮುಗಿಸ್ಕೊಂಡು ಥೇಮ್ಸ್ ದಡದಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪುತ್ಥಳಿವರೆಗೂ ನಡ್ಕೊಂಡು ಹೋದೆ, ಊರಲ್ಲಿರೋ ಅಪ್ಪಾಜಿಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ. 2015ರಲ್ಲಿ ಅನಾವರಣ ಆಗಿದ್ದು, ಅದನ್ನ ಅಲ್ಲಿ ನಿಲ್ಲಿಸೋಕೆ ಓಡಾಡಿದ ಡಾ. ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್ ಅನ್ನೋ ಭಾಗದ ಮೇಯರ್ ಆಗಿದ್ದವರು, ಕಲಬುರಗಿ ಕಡೆಯವರು, ನಮ್ಮ ಹಾಗೇ ಎಮರ್ಜೆನ್ಸಿ ಡಾಕ್ಟರು. ಅಪ್ಪಾಜಿ ಮಳೇಲಿ ನೆನೀತಿದ್ದ ಮೂರ್ತಿ ನೋಡಿ ಕೈ ಮುಗಿದು, ಆಮೇಲೆ "ನಿಂಗೆ ಛತ್ರಿ ಇಲ್ವೇನವ್ವಾ?" ಅಂದ್ರು.

ಕೋವಿಡ್ ಟೈಮಲ್ಲಿ ಬಾಗಿಲ ಮುಂದೆ ಡಬ್ಬಿ ಇಟ್ಟು ಬೆಲ್ ಮಾಡಿ ಓಡಿಹೋಗ್ತಿದ್ದ ಪಕ್ಕದೂರಿನ ಕನ್ನಡದ ಮನೆಯವರೇ, ಆ ಬಿಸಿಬೇಳೆಬಾತಿನ ಡಬ್ಬಿಗಳಲ್ಲಿ ಎರಡು ಇನ್ನೂ ನಮ್ಮನೇಲೇ ಇದೆ, ಮುಂದಿನ ವಾರ ತಂದುಕೊಡ್ತೀನಿ, ಖಾಲಿ ತರಲ್ಲ. ಅಪ್ಪಾಜಿ, ಅವ್ವ, ಮಕ್ಕಳು, ನಿಮಗೆ ಬೇರೆ ಹೇಳೋದೇನಿದೆ.

ಹೊಸ ರೆಪ್‌ಗೆ ಬಿಸ್ಕೆಟ್ ಡಬ್ಬಿ ಕೊಟ್ಟಾಗ ಒಳಗೆ ನನ್ನ ಚೀಟಿಗಳ ಮೇಲೆ ಒಂದು ಪ್ಯಾಕೆಟ್ ನಿಜವಾದ ಬಿಸ್ಕೆಟ್ಟೂ ಇಟ್ಟಿದೀನಿ. ಮೊದಲ ಚೀಟಿ ನಂದೇ ದೂರು: ರೋಟಾದಲ್ಲಿ ಎಂಜಿ 4 ಹೋಗಿ ನನ್ನ ಹೆಸರು ಬಂದು ನಾಲ್ಕು ವರ್ಷ ಆಯ್ತು, ಸ್ಪೆಲ್ಲಿಂಗ್ ಇನ್ನೂ ತಪ್ಪೇ ಇದೆ.