ಮಡಿಕೇರಿ ಸಂತೆಯಲ್ಲಿ ಊರಿನ ಬೆಳೆಗೊಂದು ಸೂರು ಬೇಕು: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್‌ನಲ್ಲಿರುವ ಚೌರಸ್ತಾ ಮಾರುಕಟ್ಟೆಯಲ್ಲಿ ಕಂಡದ್ದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಪಟ್ಟಣಕ್ಕೆ ಎಷ್ಟೋ ಜನ ತಿನ್ನುವುದಕ್ಕೆಂದೇ ಬರುತ್ತಾರೆ. ಚೌರಸ್ತಾದ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿದ್ದ ಜಾಡಿಗಳಲ್ಲಿದ್ದುದು ಜಾಯಿಕಾಯಿಯ ಹೊರತಿರುಳು. ಬೀಜ ಮತ್ತು ಜಾಪತ್ರೆ ಬಿಡಿಸಿದ ಮೇಲೆ ಉಳಿಯುವ ಆ ದಪ್ಪ ಭಾಗವನ್ನು ಹೆಚ್ಚಿ, ಉಪ್ಪು-ಸಕ್ಕರೆಯಲ್ಲಿ ನೆನೆಹಾಕಿ, ಕೆಲವನ್ನು ಒಣಗಿಸಿಯೂ ಮಾರುತ್ತಾರೆ. ದ್ವೀಪದ ಪಶ್ಚಿಮಕ್ಕಿರುವ ಬಾಲಿಕ್ ಪುಲಾವ್ ಕಡೆಯ ಗುಡ್ಡದ ತೋಟಗಳಲ್ಲಿ ಜಾಯಿಕಾಯಿ ಬೆಳೆಯುತ್ತದೆ. ನಮ್ಮ ಕಾಫಿ ತೋಟಗಳಲ್ಲಿಯೂ ಜಾಯಿಕಾಯಿ ಮರಗಳಿವೆ, ಆದರೆ ತಿರುಳು ಮರದ ಬುಡದಲ್ಲೇ ಕೊಳೆಯುವುದೇ ಹೆಚ್ಚು.

ಅದು ಪ್ರವಾಸಿಗರಿಗೆಂದು ಸಿಂಗರಿಸಿದ ಜಾಗವಲ್ಲ. ಊರಿನವರು ಮೀನು, ತರಕಾರಿ ಕೊಳ್ಳುವ ಮಾರುಕಟ್ಟೆ; ಪರಊರಿನವರೂ ಅಲ್ಲಿಗೇ ಬಂದು ಕೇಳಿ ಕೊಳ್ಳುತ್ತಾರೆ.

ಮಡಿಕೇರಿಯ ಶುಕ್ರವಾರದ ಸಂತೆಗೆ ಇಂಥ ಗಿರಾಕಿ ಬರುವುದು ಅಪರೂಪ. ನಮ್ಮೂರಿಗೆ ಬರುವ ಪರಊರಿನವರು ಪೇಟೆಯಲ್ಲಿ ‘ಹೋಮ್‌ಮೇಡ್’ ಚೀಟಿ ಅಂಟಿಸಿದ, ಯಾರ ಮನೆಯದೆಂದು ತಿಳಿಯದ ಚಾಕೊಲೇಟು ಕೊಂಡು ಹಿಂದಿರುಗುತ್ತಾರೆ. ಇತ್ತ ಕೊಡವರ ಹಂದಿಮಾಂಸದ ಅಡುಗೆಯಾದ ಪಂದಿಕರಿಗೆ ಬೇಕೇ ಬೇಕಾದ ಹುಳಿ, ಅಂದರೆ ಕಾಚಂಪುಳಿಯನ್ನು, ಹಣ್ಣಿನ ರಸ ಇಳಿಸಿ ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ, ಹಳೆಯ ಬಾಟಲಿಗಳಲ್ಲಿ ತುಂಬಿ ತರುವ ಹೆಂಗಸರು ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ, ಕೆಸದ ಎಲೆಗಳೊಡನೆ ಪ್ಲಾಸ್ಟಿಕ್ ಹೊದ್ದು ದಾರಿಬದಿಯಲ್ಲಿ ಕೂರುತ್ತಾರೆ. ಕಣಿಲೆಯನ್ನು ನೀರಿನಲ್ಲಿ ನೆನೆಸಿಟ್ಟೇ ಅಡುಗೆಗೆ ಬಳಸಬೇಕೆಂದು ಹೊಸಬರಿಗೆ ಹೇಳಿಕೊಡಬಲ್ಲವರೂ ಇವರೇ.

ತಮ್ಮಲ್ಲಿ ಕೇಳುವುದಿಷ್ಟೇ. ಸಂತೆಯ ಒಂದು ಸಾಲಿಗೆ ಸೂರು, ಎತ್ತರದ ಕಟ್ಟೆ, ನಲ್ಲಿ ಮತ್ತು ಚರಂಡಿ ಒದಗಿಸಿ, ಅದನ್ನು ಸ್ವಂತ ತೋಟದ, ಸ್ವಂತ ಅಡುಗೆಮನೆಯ ಪದಾರ್ಥ ತರುವವರಿಗೆ ಮೀಸಲಿಡಬೇಕು. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು; ಜಾಗ ಗೊತ್ತುಮಾಡುವಾಗ ಈ ಹೆಂಗಸರ ಮಾತನ್ನು ಅಲ್ಲಿ ಕೇಳಿಸಬೇಕು. ದಯವಿಟ್ಟು ಇದನ್ನು ಮತ್ತೊಂದು ಆಹಾರ ಮೇಳವಾಗಿ ಮಾಡಬೇಡಿ. ಮೇಳದ ಶಾಮಿಯಾನ ಕಿತ್ತ ಮೇಲೆ ಇವರು ಮತ್ತೆ ರಸ್ತೆಗೇ ಬರುತ್ತಾರೆ.

ಕೆಲಸ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡಕ್ಕೆ (ಜುಲೈ-ಆಗಸ್ಟ್) ಮೊದಲೇ ಮುಗಿದರೆ ಒಳ್ಳೆಯದು. ಕಕ್ಕಡದ ಹದಿನೆಂಟನೇ ದಿನ ಅಡುಗೆಗೆ ಬಳಸುವ ಮದ್ದುಸೊಪ್ಪು ಮಾರಾಟಕ್ಕೆ ಬರುವುದು ಆ ಕೆಲವೇ ದಿನ, ಅದೂ ಜಡಿಮಳೆಯಲ್ಲಿ.

ಇಂತಿ,
ಶುಕ್ರವಾರದ ಸಂತೆಯ ಗಿರಾಕಿ, ಮಡಿಕೇರಿ